ಟಿಟಿಆರ್‌ಪಿಜಿ ಬರವಣಿಗೆ: ಫ್ರೀಲಾನ್ಸ್ ಒಪ್ಕೊಳ್ಳೋದಾ, ಇಲ್ಲ ನಾವೇ ಪಬ್ಲಿಷ್ ಮಾಡೋದಾ?

ಇಪ್ಪತ್ಮುಖಿ:

ಎಲ್ರಿಗೂ ನಮಸ್ಕಾರ. ಟೇಬಲ್‌ಟಾಪ್ ಆರ್‌ಪಿಜಿಗೆ (ಟಿಟಿಆರ್‌ಪಿಜಿ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಕಥೆ ಆಡೋ ಆಟ) ಬರೆದು ದುಡ್ಡು ನೋಡಿರೋರು ಇಲ್ಲಿ ಕೆಲವ್ರು ಇದೀರ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಿದೀನಿ.

ನಮ್ಮ ಗ್ರೂಪಿಗೆ ಯಾವಾಗ್ಲೂ ನಾನೇ ಜಿಎಂ, ಅಂದ್ರೆ ಆಟ ನಡೆಸೋ ಗೇಮ್ ಮಾಸ್ಟರ್. ಅವ್ರಿಗೋಸ್ಕರ ಬರೆದ ಒಂದು ಅಡ್ವೆಂಚರ್ ಇದೆ, ನೀರು ತುಂಬ್ಕೊಂಡಿರೋ ಹಳೇ ಗಣಿ, ಒಳಗಡೆಯಿಂದ ಇನ್ನೂ ಸುತ್ತಿಗೆ ಸದ್ದು ಬರ್ತಿದೆ, ಬಡೀತಿರೋರು ಬದುಕಿರೋ ಗಣಿಗಾರರಾ ಅಲ್ವಾ ಅನ್ನೋದೇ ಕಥೆ. ಆಡಿದವ್ರಿಗೆಲ್ಲ ತುಂಬಾ ಹಿಡಿಸ್ತು. ತಿದ್ದಿ ತೀಡಿದ್ರೆ ಸುಮಾರು 8,000 ಪದ ಆಗುತ್ತೆ, ಪಿಡಿಎಫ್ ಮಾಡಿ ನಾನೇ ಮಾರೋಣ ಅಂತ ಇದ್ದೆ. ಅಷ್ಟರಲ್ಲಿ ಒಂದು ಸಣ್ಣ ಪಬ್ಲಿಷರ್ ಕಡೆಯಿಂದ ಮೇಲ್ ಬಂತು, ಅವ್ರ ಮುಂದಿನ ಪುಸ್ತಕಕ್ಕೆ ಒಂದು ಅಧ್ಯಾಯ ಬರ್ಕೊಡ್ತೀರಾ ಅಂತ. ಅದೂ 8,000 ಪದವೇ, ಪದಕ್ಕೆ 5 ಸೆಂಟ್, ವರ್ಕ್ ಫಾರ್ ಹೈರ್, ಪುಸ್ತಕ ಹೊರಗೆ ಬಂದ 60 ದಿನಕ್ಕೆ ಪೇಮೆಂಟ್.

ಕೆಲಸ ಮುಗಿಸ್ಕೊಂಡು ರಾತ್ರಿ ಕೂತು ಬರೆಯೋಳು ನಾನು, ಎರಡೂ ಒಟ್ಟಿಗೆ ಆಗಲ್ಲ. ಯಾವುದು ಮೊದಲು ಹಿಡೀಲಿ? ನಾವೇ ಪಬ್ಲಿಷ್ ಮಾಡಿದ್ರೆ ನಿಜವಾಗ್ಲೂ ಏನಾದ್ರೂ ಗಿಟ್ಟುತ್ತಾ, ಅಥವಾ ಹೆಸರಿಗೆ ಅಷ್ಟೇನಾ? ಇನ್ನೊಂದು, ಅವ್ರ ಬ್ರೀಫ್ ತುಂಬಾ ಸಡಿಲ ಇದೆ, "ಒಂದು ಅಪಾಯಕಾರಿ ಜಾಗ, ನೆಲದಡಿ ಆದ್ರೆ ಒಳ್ಳೇದು" ಅಂತಷ್ಟೇ. ಹಾಗಾದ್ರೆ ನನ್ನ ಗಣಿನೇ ಅವ್ರಿಗೆ ಕೊಟ್ಬಿಟ್ರೆ ಒಂದೇ ಕಲ್ಲಿಗೆ ಎರಡು ಹಕ್ಕಿ ಅಲ್ವಾ ಅಂತ ನಮ್ಮ ಗ್ರೂಪ್‌ನಲ್ಲಿ ಒಬ್ರು ಹೇಳ್ತಿದಾರೆ. ನನಗ್ಯಾಕೋ ಮನಸ್ಸು ಒಪ್ತಿಲ್ಲ.

ಹಳೇ ಜಿಎಂ:

ನಿಮ್ಮ ಮನಸ್ಸು ಸರಿಯಾಗೇ ಹೇಳ್ತಿದೆ. ದಯವಿಟ್ಟು ಗಣಿ ಕೊಡ್ಬೇಡಿ. ಬಾಕಿ ಎಲ್ಲಾ ಆಮೇಲೆ ಮಾತಾಡೋಣ.

ವರ್ಕ್ ಫಾರ್ ಹೈರ್ ಅಂದ್ರೆ ಬರೆದ ಪ್ರತಿ ಅಕ್ಷರದ ಕಾಪಿರೈಟ್ ಅವ್ರದು, ನಿಮ್ಮ ಹೆಸರು ಕ್ರೆಡಿಟ್ ಪುಟದಲ್ಲಿ ಬರ್ಬೋದು, ಅಷ್ಟಕ್ಕೆ ಮುಗೀತು. ನಾಳೆ ಆ ಗಣಿಗೆ ಎರಡನೇ ಭಾಗ ಬರೀಬೇಕು ಅಂತ ನಿಮಗೆ ಅನ್ಸಿದ್ರೂ ಅವ್ರ ಪರ್ಮಿಷನ್ ಬೇಕು, ಅವ್ರು ಇನ್ನೊಬ್ರ ಕೈಲಿ ಬರೆಸಿದ್ರೆ ನೀವು ಏನೂ ಕೇಳೋ ಹಾಗಿಲ್ಲ, ವಿಡಿಯೋ ಗೇಮ್ ಆದ್ರೂ ಒಂದು ಪೈಸೆ ಬರಲ್ಲ. ನನಗೆ ಗೊತ್ತಿರೋ ಒಬ್ಬ ಬರಹಗಾರ್ತಿ ತನ್ನ ಮನೆ ಕ್ಯಾಂಪೇನಿನ (ಒಂದೇ ಗ್ರೂಪ್ ಕಂತು ಕಂತಾಗಿ ಮುಂದುವರಿಸೋ ಆಟ) ಊರನ್ನೇ ಹೀಗೆ ಒಂದು ಫ್ರೀಲಾನ್ಸ್ ಪುಸ್ತಕಕ್ಕೆ ಬರ್ಕೊಟ್ರು, ಮುಂದಿನ ಪುಸ್ತಕದಲ್ಲಿ ಪಬ್ಲಿಷರ್ ಆ ಊರನ್ನ ಸುಟ್ಟು ಬೂದಿ ಮಾಡಿಸಿದ್ರು, ಬರೆದಿದ್ದು ಬೇರೆ ಯಾರೋ. ಕಾನೂನು ಪ್ರಕಾರ ಅದರಲ್ಲಿ ಏನೂ ತಪ್ಪಿಲ್ಲ. ಆದ್ರೆ ಆ ಬರಹಗಾರ್ತಿ ತನ್ನ ಊರಿನ ಬಗ್ಗೆ ಮತ್ತೆ ಬರೆಯೋ ಹಾಗಿಲ್ಲ, ಅದು ಅವ್ರಿಗೆ ಇವತ್ತಿಗೂ ನೋವು. ಫ್ರೀಲಾನ್ಸ್‌ಗೆ ಬರೆಯುವಾಗ ಅದಕ್ಕೆ ಅಂತಲೇ ಹೊಸದಾಗಿ ಹುಟ್ಟಿಸಿ, ಚೆನ್ನಾಗೇ ಹುಟ್ಟಿಸಿ, ಆದ್ರೆ ವರ್ಷಗಟ್ಟಲೆ ಸಾಕಿಕೊಂಡಿರೋ ಲೋಕವನ್ನ ಅಲ್ಲಿ ಹಾಕ್ಬೇಡಿ.

ಇನ್ನು ದುಡ್ಡು. 8,000 ಪದಕ್ಕೆ 5 ಸೆಂಟ್ ಅಂದ್ರೆ 400 ಡಾಲರ್. ಈ ಫೀಲ್ಡಲ್ಲಿ 3-5 ಸೆಂಟ್ ಹಳೇ ಕಾಲದಿಂದ ನಡ್ಕೊಂಡು ಬಂದಿರೋ ರೇಟು, 10 ಮತ್ತು ಅದಕ್ಕಿಂತ ಜಾಸ್ತಿ ಕೊಡೋರೂ ಇದಾರೆ. ಹೋಲಿಕೆಗೆ ಹೇಳ್ತೀನಿ, ಸೈನ್ಸ್ ಫಿಕ್ಷನ್ ಬರಹಗಾರರ ಸಂಘ ಎಸ್‌ಎಫ್‌ಡಬ್ಲ್ಯುಎ ಸಣ್ಣಕಥೆಗೆ ಪ್ರೊಫೆಷನಲ್ ರೇಟ್ ಅಂತ ಇಟ್ಟಿರೋದು 8 ಸೆಂಟ್, ಅದೂ ಕಥೆಯ ಹಕ್ಕು ಲೇಖಕರ ಹತ್ರನೇ ಉಳಿಯುತ್ತೆ. ಇಲ್ಲಿ ಹಕ್ಕೂ ಹೋಗುತ್ತೆ, ಅದ್ರ ಜೊತೆ ಸ್ಟ್ಯಾಟ್ ಬ್ಲಾಕು (ಎದುರಾಳಿಗಳ ಅಂಕಿ-ಅಂಶದ ಪಟ್ಟಿ), ಎನ್‌ಕೌಂಟರ್ ಬ್ಯಾಲೆನ್ಸು (ಎದುರಾಗೋ ಸವಾಲು ಅತಿ ಸುಲಭವೂ ಅತಿ ಕಷ್ಟವೂ ಆಗ್ದಂಗೆ ನೋಡೋದು), ಪ್ಲೇಟೆಸ್ಟು (ಆಡಿ ಪರೀಕ್ಷಿಸೋದು) ಇವೆಲ್ಲಾ ಆ 5 ಸೆಂಟ್ ಒಳಗೇ. ಹಾಗಾಗಿ ರೇಟ್ ಕಡಿಮೆನೇ, ಆದ್ರೆ ಮೋಸ ಅನ್ನೋ ಮಟ್ಟಕ್ಕಿಲ್ಲ.

ಅದೇ 8,000 ಪದವನ್ನ ನೀವೇ ಪಿಡಿಎಫ್ ಮಾಡಿ 6 ಡಾಲರ್‌ಗೆ ಡ್ರೈವ್‌ಥ್ರೂಆರ್‌ಪಿಜಿ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಹಾಕಿದ್ರಿ ಅಂದ್ಕೊಳ್ಳಿ. ಬೇರೆ ಕಡೆನೂ ಮಾರ್ತೀನಿ ಅಂದ್ರೆ ನಿಮಗೆ 65 ಪರ್ಸೆಂಟ್, ಅಲ್ಲಿ ಮಾತ್ರ ಮಾರ್ತೀನಿ ಅಂದ್ರೆ 70. 65ರ ಲೆಕ್ಕದಲ್ಲಿ ಒಂದು ಕಾಪಿಗೆ 3.90 ಬರುತ್ತೆ. ಅಂದ್ರೆ 400 ಡಾಲರ್ ಮುಟ್ಟೋಕೆ 103 ಕಾಪಿ. ಕೇಳೋಕೆ ಸುಲಭ ಅನ್ಸುತ್ತೆ, ಆದ್ರೆ ಅಲ್ಲಿ ಪುಸ್ತಕದ ಪಕ್ಕ ಇರೋ ಲೋಹದ ಬ್ಯಾಡ್ಜ್ ನೋಡಿ: 51 ಕಾಪಿ ಮುಟ್ಟಿದ್ರೆ ಕಾಪರ್, 101ಕ್ಕೆ ಸಿಲ್ವರ್, 251ಕ್ಕೆ ಎಲೆಕ್ಟ್ರಮ್. ನಿಮ್ಮ ಥರದ್ದೇ ಅಡ್ವೆಂಚರ್‌ಗಳನ್ನ ಹುಡುಕಿ, ಬಂದು ಒಂದೆರಡು ವರ್ಷ ಆಗಿರೋವು, ಎಷ್ಟಕ್ಕೆ ಸಿಲ್ವರ್ ಇದೆ ಎಷ್ಟಕ್ಕೆ ಯಾವ ಬ್ಯಾಡ್ಜೂ ಇಲ್ಲ ಅಂತ ಕೂತು ನೋಡಿ. ಯಾರ ಮಾತೂ ನಂಬೋ ಅವಶ್ಯಕತೆ ಇಲ್ಲ, ಕಣ್ಣಿಗೇ ಕಾಣುತ್ತೆ. ಫ್ರೀಲಾನ್ಸ್ 400 ಸಣ್ಣದೇ ಇರ್ಬೋದು, ಆದ್ರೆ ಯಾರು ಕೊಂಡ್ರು ಯಾರು ಬಿಟ್ರು ಅನ್ನೋ ತಲೆನೋವು ನಿಮ್ಮದಲ್ಲ.

ಆದ್ರೆ ಆ ಪೇಮೆಂಟ್ ಸಾಲು ಇದೆಯಲ್ಲ, ಅದು ನನಗೆ ಸ್ವಲ್ಪವೂ ಇಷ್ಟ ಆಗ್ಲಿಲ್ಲ. ಅದರ ಬಗ್ಗೆ ಮತ್ತೆ ಬರೀತೀನಿ.

ಪುಟ ಕಟ್ಟೋಳು:

ನಾನು ಸಣ್ಣ ಆರ್‌ಪಿಜಿಗಳಿಗೆ ಎಡಿಟಿಂಗ್ ಮತ್ತು ಲೇಔಟ್ ಮಾಡ್ತೀನಿ, ಆ ಕಡೆಯಿಂದ ಹೇಳ್ತೀನಿ.

ಹಳೇ ಜಿಎಂ ಸರ್ ಲೆಕ್ಕದಲ್ಲಿ ಖರ್ಚು ಬಿಟ್ಟುಹೋಗಿದೆ. ಕವರ್ ಚಿತ್ರ, ಒಳಗೆ ಒಂದೆರಡು ಚಿತ್ರ, ಮ್ಯಾಪು, ಎಡಿಟಿಂಗು ಎಲ್ಲಾ ಸೇರಿ ಬಿಗಿಯಾಗಿ ಹಿಡಿದು 300 ಡಾಲರ್ ಇಟ್ಕೊಂಡ್ರೂ 400 ಉಳೀಬೇಕು ಅಂದ್ರೆ 180 ಕಾಪಿ ಹೋಗ್ಬೇಕು. ನಾವೇ ಪಬ್ಲಿಷ್ ಮಾಡೋದು ಅಂದ್ರೆ ಬರೆಯೋದು ಅಲ್ಲ ಮೇಡಂ, ಪಬ್ಲಿಷರ್ ಆಗೋದು. ಬರೆದು ಮುಗಿಸಿದ ದಿನ ಅರ್ಧ ಕೆಲಸನೂ ಮುಗಿದಿರಲ್ಲ. ಆರ್ಟಿಸ್ಟ್ ಜೊತೆ ಕಾಂಟ್ರಾಕ್ಟ್ ಮಾಡ್ಕೋಬೇಕು (ಅವ್ರ ಹಕ್ಕು ಅವ್ರಿಗೆ ಬಿಟ್ಟು ಬಳಸೋ ಲೈಸೆನ್ಸ್ ಮಾತ್ರ ತಗೊಳ್ಳಿ, ನಿಮಗೆ ಬೇಡ ಅನ್ಸಿದ್ದನ್ನ ಇನ್ನೊಬ್ರಿಗೆ ಮಾಡ್ಬೇಡಿ), ಸ್ಟೋರ್ ಪುಟಕ್ಕೆ ವಿವರಣೆ ಬರೀಬೇಕು, ಪಿಡಿಎಫ್‌ಗೆ ಬುಕ್‌ಮಾರ್ಕ್ ಹಾಕ್ಬೇಕು, ತಪ್ಪು ಸಿಕ್ಕಿದ್ರೆ ತಿದ್ದಿ ಮತ್ತೆ ಅಪ್‌ಲೋಡ್ ಮಾಡ್ಬೇಕು, ಜನಕ್ಕೆ ಹೀಗೊಂದು ಇದೆ ಅಂತ ತಿಳಿಸ್ಬೇಕು. ಇದೆಲ್ಲಾ ಇಷ್ಟ ಇದ್ರೆ ಭಾಳ ಖುಷಿ ಕೊಡೋ ಕೆಲಸ. ಇಷ್ಟ ಇಲ್ದೆ ಮೈಮೇಲೆ ಎಳ್ಕೊಂಡ್ರೆ ಎರಡನೇ ಪುಸ್ತಕ ಬರೋದೇ ಇಲ್ಲ, ಅಂಥವ್ರನ್ನ ತುಂಬಾ ಜನ ನೋಡಿದೀನಿ.

ಆದ್ರೂ ನಾನು ಗಣಿ ಮೊದಲು ಅಂತೀನಿ, ಕಾರಣ ದುಡ್ಡಲ್ಲ. ನಿಮ್ಮ ಟೇಬಲ್‌ನಲ್ಲಿ ಅದು ಚೆನ್ನಾಗಿ ನಡೀತು ಯಾಕಂದ್ರೆ ನಡೆಸಿದ್ದು ನೀವು. ಬೇರೆ ಜಿಎಂ ಒಬ್ರು ಪುಟ ನೋಡಿ ನಡೆಸೋ ಹಾಗೆ ಬರೆಯೋದು ಬೇರೆಯದೇ ವಿದ್ಯೆ. ನನ್ನ ಹತ್ರ ಬರೋ ಡ್ರಾಫ್ಟ್‌ಗಳಲ್ಲಿ ಒಂದು ಕೋಣೆ ಹೆಂಗಿರುತ್ತೆ ಹೇಳ್ತೀನಿ. ಪಂಪ್ ಹೌಸ್ ಅಂತ ಇಟ್ಕೊಳ್ಳಿ. ಮೊದಲ ಪ್ಯಾರಾ ಆ ಪಂಪ್ ಯಾರು ಕಟ್ಟಿಸಿದ್ರು, ಅವ್ರ ಅಪ್ಪ ಯಾಕೆ ಸಾಲ ಮಾಡಿದ್ರು. ಎರಡನೇ ಪ್ಯಾರಾ ಗೋಡೆ ಬಣ್ಣ, ವಾಸನೆ, ಬೆಳಕು. ಮೂರನೇ ಪ್ಯಾರಾ ಕೊನೇ ಸಾಲಲ್ಲಿ ಬರುತ್ತೆ "ಮೂಲೆಯಲ್ಲಿ ಮೂವರು ನಿಂತಿದ್ದಾರೆ, ಅವರ ಬೆನ್ನು ಮಾತ್ರ ಕಾಣುತ್ತದೆ" ಅಂತ. ಅಷ್ಟೊತ್ತಿಗೆ ಜಿಎಂ ಆಟಗಾರರಿಗೆ ಕೋಣೆ ಖಾಲಿ ಅಂತ ಹೇಳಿ ಆಗಿರುತ್ತೆ! ನಾನು ಅದನ್ನ ತಿರುಗಿಸಿ ಹಾಕ್ತೀನಿ: ಬಾಗಿಲು ತೆಗೆದ ತಕ್ಷಣ ಕಾಣೋದು ಮೂರು ಬೆನ್ನು, ಕೇಳೋದು ಸುತ್ತಿಗೆ, ನೀರು ಮೊಣಕಾಲಿನವರೆಗೆ. ಆಮೇಲೆ ಲಿವರ್ ಎಳೆದ್ರೆ ಏನಾಗುತ್ತೆ, ಅವ್ರನ್ನ ಕರೆದ್ರೆ ಏನಾಗುತ್ತೆ, ಬೆಳಕು ಹಾಯಿಸಿದ್ರೆ ಏನಾಗುತ್ತೆ. ಸಾಲದ ಕಥೆ ಆಟಗಾರರಿಗೆ ಗೊತ್ತಾಗೋ ದಾರಿ ಇದ್ರೆ ಇರ್ಲಿ, ಒಂದು ರಸೀದಿನೋ ಪತ್ರನೋ ಅಲ್ಲೇ ಇಡಿ, ದಾರಿ ಇಲ್ಲ ಅಂದ್ರೆ ತೆಗೀರಿ. 180 ಪದ ಇದ್ದದ್ದು 70ಕ್ಕೆ ಇಳಿಯುತ್ತೆ, ಆಟಕ್ಕೆ ಎರಡು ಪಟ್ಟು ಉಪಯೋಗಕ್ಕೆ ಬರುತ್ತೆ.

ಪದಕ್ಕೆ ಇಷ್ಟು ಅಂತ ದುಡ್ಡು ಕೊಡೋ ಪದ್ಧತಿ ಈ ಕಡಿಮೆ ಮಾಡೋ ಕೆಲಸಕ್ಕೆ ಬೆಲೆನೇ ಕೊಡಲ್ಲ, ಅದು ನನ್ನ ದೊಡ್ಡ ತಕರಾರು. 70 ಪದ ಬರೆಯೋಕೆ ಜಾಸ್ತಿ ಹೊತ್ತು ಬೇಕು, ದುಡ್ಡು ಮಾತ್ರ ಅರ್ಧಕ್ಕಿಂತ ಕಡಿಮೆ. ನಿಮ್ಮದೇ ಪುಸ್ತಕದಲ್ಲಿ ಈ ಶಿಸ್ತು ಕಲಿತ್ರೆ ಅದು ನಿಮ್ಮ ಜೊತೆ ಇರುತ್ತೆ. ಮುದ್ರಿತ ಸಣ್ಣ ಪುಸ್ತಕ ಒಂದು ಕೈಲಿದ್ರೆ ಮುಂದೆ ಯಾವ ಎಡಿಟರ್ ಹತ್ರ ಹೋದ್ರೂ ಸ್ಯಾಂಪಲ್ ಅಂತ ತೋರಿಸ್ಬೋದು.

ಲೈಸೆನ್ಸ್ ಓದುಗ:

ಒಂದು ವಿಷ್ಯ ಯಾರೂ ಕೇಳಿಲ್ಲ, ಗಣಿ ಯಾವ ಸಿಸ್ಟಮ್‌ಗೆ (ಯಾವ ಆಟದ ರೂಲ್ಸ್‌ಗೆ) ಬರೆದಿರೋದು? ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆರ್‌ಪಿಜಿ) ಐದನೇ ಎಡಿಷನ್ ಆದ್ರೆ ಎಲ್ಲಿ ಮಾರ್ತೀರ ಅನ್ನೋದು ತುಂಬಾ ಮುಖ್ಯ.

2023ರ ಜನವರಿಯಲ್ಲಿ ಡಿ ಅಂಡ್ ಡಿ ರೂಲ್ಸನ್ನ ಬೇರೆಯವ್ರೂ ಬಳಸೋಕೆ ಬಿಡೋ ಹಳೇ ಓಪನ್ ಗೇಮ್ ಲೈಸೆನ್ಸನ್ನ ಬದಲಾಯಿಸೋಕೆ ಹೊರಟ ಕರಡು ಹೊರಗೆ ಬಿದ್ದು ದೊಡ್ಡ ಗಲಾಟೆ ಆಯ್ತಲ್ಲ, ಕೊನೆಗೆ ಅದೇ ತಿಂಗಳ 27ಕ್ಕೆ ಡಿ ಅಂಡ್ ಡಿ ಪಬ್ಲಿಷರ್ ವಿಜರ್ಡ್ಸ್ ಆಫ್ ದ ಕೋಸ್ಟ್‌ನವ್ರು ಎಸ್‌ಆರ್‌ಡಿ 5.1 (ಐದನೇ ಎಡಿಷನ್ನಿನ ಮೂಲ ರೂಲ್ಸ್) ಅನ್ನ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ರು, ಸಿಸಿ ಬೈ 4.0. ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ಹೇಳಿರೋ ಕ್ರೆಡಿಟ್ ಸಾಲು ಹಾಕಿದ್ರೆ ಸಾಕು, ಆ ರೂಲ್ಸ್ ಬಳಸಿ ಎಲ್ಲಿ ಬೇಕಾದ್ರೂ ಮಾರ್ಬೋದು, ಯಾರನ್ನೂ ಕೇಳ್ಬೇಕಿಲ್ಲ, ರಾಯಲ್ಟಿ ಇಲ್ಲ.

ಆದ್ರೆ ಡಿಎಂಸ್ ಗಿಲ್ಡ್ (ಡಿ ಅಂಡ್ ಡಿ ಬರಹಗಳಿಗೆ ಅಂತಲೇ ಇರೋ ಆನ್‌ಲೈನ್ ಅಂಗಡಿ) ಬೇರೆ. ಅಲ್ಲಿ ಫರ್ಗಾಟನ್ ರೆಲ್ಮ್ಸ್ ಥರ ಅವ್ರದೇ ಲೋಕಗಳನ್ನ ಬಳಸೋಕೆ ಬಿಡ್ತಾರೆ, ಆ ಸೌಲಭ್ಯಕ್ಕೆ ಬದಲಾಗಿ ನಿಮಗೆ ಸಿಗೋದು 50 ಪರ್ಸೆಂಟ್. 6 ಡಾಲರ್ ಪಿಡಿಎಫ್‌ಗೆ 3 ಡಾಲರ್, 400 ಮುಟ್ಟೋಕೆ 134 ಕಾಪಿ. ಅದಕ್ಕಿಂತ ದೊಡ್ಡ ವಿಷ್ಯ, ಒಮ್ಮೆ ಅಲ್ಲಿ ಹಾಕಿದ್ದನ್ನ ಬೇರೆ ಕಡೆ ಮಾರೋ ಹಾಗಿಲ್ಲ, ಮತ್ತೆ ನೀವು ಹುಟ್ಟಿಸಿದ ಪಾತ್ರ, ಜಾಗ ಎಲ್ಲಾ ಗಿಲ್ಡ್‌ನ ಬೇರೆ ಬರಹಗಾರರೂ ಬಳಸ್ಕೋಬೋದು. ಅಂದ್ರೆ "ನಾನೇ ಪಬ್ಲಿಷ್ ಮಾಡಿದೆ" ಅಂತ ಹೇಳ್ಕೊಂಡ್ರೂ ಲೋಕ ಪೂರ್ತಿ ನಿಮ್ಮದಾಗಿ ಉಳಿಯಲ್ಲ. ಗಣಿ ನಿಮ್ಮದೇ ಲೋಕದ್ದು ಅಂದ್ರೆ ಅಲ್ಲಿಗೆ ಹೋಗೋ ಕಾರಣನೇ ಇಲ್ಲ. ಇಚ್.ಐಓ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಸೈಟಿಗೆ ಎಷ್ಟು ಪಾಲು ಅಂತ ನೀವೇ ಇಡ್ಬೋದು, ಮಾಮೂಲಿ 10 ಪರ್ಸೆಂಟ್ ಇರುತ್ತೆ, ಪೇಮೆಂಟ್ ಫೀಸ್ ಬೇರೆ. ಪಾಲು ಅಲ್ಲಿ ಚೆನ್ನಾಗಿದೆ, ಕೊಳ್ಳೋರನ್ನ ಮಾತ್ರ ನೀವೇ ಕರ್ಕೊಂಡ್ ಬರ್ಬೇಕು.

ಇಪ್ಪತ್ಮುಖಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಸಿಸ್ಟಮ್ ಐದನೇ ಎಡಿಷನ್ನೇ, ಲೋಕ ಪೂರ್ತಿ ನನ್ನದು. ಹಾಗಾಗಿ ಗಣಿ ನನ್ನ ಹತ್ರನೇ ಇರುತ್ತೆ, ಇದು ತೀರ್ಮಾನ ಆಯ್ತು. ಪಂಪ್ ಹೌಸ್ ಓದಿ ನನ್ನ ಡ್ರಾಫ್ಟ್ ತೆಗೆದು ನೋಡಿದೆ, ಮೂರನೇ ಕೋಣೆಯಲ್ಲೇ ತಿದ್ದೋಕೆ ಕೂತಿದೀನಿ ಈಗ.

ಫ್ರೀಲಾನ್ಸ್ ಪೂರ್ತಿ ಬಿಡೋಕೂ ಮನಸ್ಸಿಲ್ಲ, ಅವ್ರ ಹಿಂದಿನ ಪುಸ್ತಕಗಳು ನನಗೆ ನಿಜವಾಗ್ಲೂ ಇಷ್ಟ. ಹಳೇ ಜಿಎಂ ಸರ್, ಪೇಮೆಂಟ್ ಸಾಲಿನ ಬಗ್ಗೆ ಹೇಳ್ತೀನಿ ಅಂದಿದ್ರಲ್ಲ. ಹೊಸಬಳಾಗಿ ಕಾಂಟ್ರಾಕ್ಟ್ ಬದಲಾಯಿಸಿ ಅಂತ ಕೇಳಿದ್ರೆ ಕೆಲಸನೇ ಕೈತಪ್ಪಿ ಹೋಗಲ್ವಾ?

ಹಳೇ ಜಿಎಂ:

ಮರ್ಯಾದೆಯಾಗಿ ಕೇಳಿದ್ರೆ ಹೋಗಲ್ಲ. ಕೇಳಿದ್ದಕ್ಕೇ ಮುನಿಸ್ಕೊಳ್ಳೋ ಪಬ್ಲಿಷರ್ ಆದ್ರೆ ದುಡ್ಡು ಕೊಡೋ ಹೊತ್ತಲ್ಲಿ ಹೇಗಿರ್ತಾರೆ ಯೋಚ್ನೆ ಮಾಡಿ.

"ಪುಸ್ತಕ ಹೊರಬಂದ 60 ದಿನಕ್ಕೆ" ಅನ್ನೋದ್ರಲ್ಲಿ ತೊಂದರೆ ಏನಂದ್ರೆ ಪುಸ್ತಕ ಯಾವಾಗ ಹೊರಗೆ ಬರುತ್ತೆ ಅನ್ನೋದು ನಿಮ್ಮ ಕೈಲಿಲ್ಲ. ನೀವು ಹೇಳಿದ ದಿನಕ್ಕೆ ಬರ್ಕೊಟ್ಟಿರ್ತೀರ, ಆರ್ಟ್ ತಡ ಆಗುತ್ತೆ, ಪ್ರಿಂಟರ್ ಹತ್ರ ಕ್ಯೂ ಇರುತ್ತೆ, ಕ್ರೌಡ್‌ಫಂಡಿಂಗ್ ಮುಂದಕ್ಕೆ ಹೋಗುತ್ತೆ, ವರ್ಷ ದಾಟಿದ್ರೂ ಅವ್ರು ಕಾಂಟ್ರಾಕ್ಟ್ ಮುರಿದಂಗಲ್ಲ. ಪುಸ್ತಕನೇ ನಿಂತುಹೋದ್ರೆ 60 ದಿನದ ಎಣಿಕೆ ಶುರುನೇ ಆಗಲ್ಲ. ನನಗೆ ಒಂದು ಕಡೆ ಹೀಗೇ ಆಗಿದೆ, ಬರೆದ ಅಧ್ಯಾಯ ಅವ್ರ ಹತ್ರನೇ ಇದೆ, ಪುಸ್ತಕ ಬರ್ಲೇ ಇಲ್ಲ, ದುಡ್ಡೂ ಇಲ್ಲ, ಹಕ್ಕೂ ಇಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಕೇಳ್ಬೇಕಾದ್ದು ಡ್ರಾಫ್ಟ್ ಒಪ್ಪಿದ 30 ದಿನಕ್ಕೆ ಪೇಮೆಂಟ್. ಅದು ಆಗಲ್ಲ ಅಂದ್ರೆ ಅರ್ಧ ಒಪ್ಪಿದಾಗ ಅರ್ಧ ಪುಸ್ತಕ ಬಂದಾಗ, ಜೊತೆಗೆ ಒಂದು ಕೊನೇ ತಾರೀಕು, ಪುಸ್ತಕ ಬರ್ಲಿ ಬಿಡ್ಲಿ ಆ ದಿನ ಬಾಕಿ ಕೊಡ್ಬೇಕು. ಕಿಲ್ ಫೀ ಬಗ್ಗೆನೂ ಒಂದು ಸಾಲು ಇರ್ಲಿ, ಪ್ರಾಜೆಕ್ಟ್ ಕೈಬಿಟ್ರೆ ಇಷ್ಟು ಕೊಡ್ತೀವಿ, ಬರಹದ ಹಕ್ಕು ವಾಪಸ್ ಬರಹಗಾರರಿಗೆ ಅಂತ. ತಿದ್ದುಪಡಿ ಎಷ್ಟು ಸಲ ಅನ್ನೋದೂ ಇರ್ಬೇಕು, ಎರಡು ಸಲ ಅನ್ನೋದು ನ್ಯಾಯ, ಇಲ್ಲಾಂದ್ರೆ 5 ಸೆಂಟ್ ಕರಗಿ ಕರಗಿ 2 ಸೆಂಟ್ ಆಗುತ್ತೆ. ಇನ್ನು ಕ್ರೆಡಿಟ್, "ಹೆಚ್ಚುವರಿ ಬರವಣಿಗೆ" ಅಂತ ಹತ್ತು ಹೆಸರಿನ ಗುಂಪಲ್ಲಾ, ಅಧ್ಯಾಯದ ಲೇಖಕಿ ಅಂತಲಾ ಅನ್ನೋದನ್ನ ಬರೆಸ್ಕೊಳ್ಳಿ. ಮೇಲ್ ದೊಡ್ಡದಾಗಿ ಬರೀಬೇಡಿ. "ಕೆಲಸ ಮಾಡೋಕೆ ತುಂಬಾ ಇಷ್ಟ ಇದೆ, ಸಹಿ ಹಾಕೋ ಮುಂಚೆ ಈ ಕೆಲವು ಕಲಂ ಬಗ್ಗೆ ಮಾತಾಡ್ಬೋದಾ" ಅಂತ ಕೇಳಿ, ಬೇಕಾದ ಸಾಲನ್ನ ನೀವೇ ಬರೆದು ಕಳ್ಸಿ. ಎದುರಿನವ್ರಿಗೆ ಕೆಲಸ ಕಡಿಮೆ ಆದ್ರೆ ಒಪ್ಪೋದೂ ಬೇಗ.

ಬಾಡಿಗೆ ಪೆನ್ನು:

ಫ್ರೀಲಾನ್ಸ್ ಪರವಾಗಿ ನಾನೂ ಸ್ವಲ್ಪ ಮಾತಾಡ್ತೀನಿ, ಥ್ರೆಡ್ ಪೂರ್ತಿ ಒಂದೇ ಕಡೆ ವಾಲ್ತಿದೆ. ನಾನು ನನ್ನದು ಅಂತ ಏನೂ ಪಬ್ಲಿಷ್ ಮಾಡಿಲ್ಲ, ಮಾಡೋ ಆಸೆನೂ ಇಲ್ಲ, ಈ ಕೆಲಸ ನನಗೆ ತುಂಬಾ ಇಷ್ಟ. ಒಳ್ಳೇ ಡೆವಲಪರ್ (ಬರೆದಿದ್ದು ಆಟದಲ್ಲಿ ನಡೆಯುತ್ತಾ ಅಂತ ನೋಡಿ ತಿದ್ದೋರು) ಕೈಗೆ ಡ್ರಾಫ್ಟ್ ಕೊಟ್ಟು, ಅದು ಕೆಂಪು ಗುರುತು ತುಂಬ್ಕೊಂಡು ವಾಪಸ್ ಬಂದು, ಯಾಕೆ ಈ ಎನ್‌ಕೌಂಟರ್ ನಡೆಯಲ್ಲ ಅಂತ ಒಂದೊಂದೇ ಸಾಲಲ್ಲಿ ವಿವರಿಸಿರ್ತಾರಲ್ಲ, ಆ ಪಾಠ ಒಬ್ರೇ ಕೂತು ಬರೆದ್ರೆ ಸಿಗಲ್ಲ. 300 ಪುಟದ ಹಾರ್ಡ್‌ಕವರ್, ಪುಟಕ್ಕೊಂದು ಬಣ್ಣದ ಚಿತ್ರ, ಅಂಥದ್ದನ್ನ ಒಬ್ಬ ಮನುಷ್ಯ ಮನೇಲಿ ಕೂತು ಮಾಡೋಕಾಗಲ್ಲ. ಅದರಲ್ಲಿ ನನ್ನ 20 ಪುಟ ಇದೆ, ಗೊತ್ತಿಲ್ದೇ ಇರೋ ಜನ ಎಲ್ಲೆಲ್ಲೋ ಕೂತು ಅದನ್ನ ಆಡ್ತಿದಾರೆ ಅನ್ನೋದು ಸಣ್ಣ ವಿಷ್ಯ ಅಲ್ಲ. ಲೋಕ ಬೇರೆಯವ್ರದು ಅನ್ನೋದೂ ನನಗೆ ತೊಂದರೆ ಅನ್ಸಲ್ಲ, ಚಿಕ್ಕಂದಿನಿಂದ ಆಡಿದ ಲೋಕಕ್ಕೆ ಒಂದು ಹಳ್ಳಿ ಸೇರಿಸೋ ಅವಕಾಶ ಸಿಕ್ಕಿದ್ರೆ ಹಕ್ಕು ಅವ್ರದೇ ಇರ್ಲಿ ಬಿಡಿ ಅನ್ಸುತ್ತೆ.

ರೇಟ್ ವಿಷ್ಯಕ್ಕೆ ಬಂದ್ರೆ ಒಬ್ಬೊಬ್ರೇ ಕೇಳೋದ್ಕಿಂತ ಒಟ್ಟಿಗೆ ಮಾತಾಡೋದು ಮುಖ್ಯ. 2021ರ ಅಕ್ಟೋಬರಲ್ಲಿ ಪೈಜೋ ಅನ್ನೋ ಆರ್‌ಪಿಜಿ ಕಂಪನಿಯ ನೌಕರರು ಯೂನಿಯನ್ ಕಟ್ಟಿದಾಗ ಅಲ್ಲಿನ ಫ್ರೀಲಾನ್ಸರ್‌ಗಳೂ ಅವ್ರ ಬೆಂಬಲಕ್ಕೆ ಕೆಲಸ ನಿಲ್ಲಿಸಿದ್ರು, ಅದೇ ತಿಂಗಳು ಕಂಪನಿ ಯೂನಿಯನ್ನನ್ನ ಒಪ್ಕೊಳ್ತು. ಬರೆಯೋರು ಬರ್ದೇ ಇದ್ರೆ ಪುಸ್ತಕ ಬರಲ್ಲ ಅನ್ನೋದು ಆವಾಗ ಎಲ್ರಿಗೂ ಕಾಣಿಸ್ತು. ಹೊಸಬ್ರಿಗೆ ನಾನು ಹೇಳೋದು ಇಷ್ಟೇ, ನಿಮ್ಮ ರೇಟ್ ಎಷ್ಟು ಅಂತ ಪಕ್ಕದ ಬರಹಗಾರರಿಗೆ ಹೇಳಿ, ಅವ್ರದನ್ನೂ ಕೇಳಿ. ಈ ಥ್ರೆಡ್ಡಲ್ಲಿ 5 ಸೆಂಟ್ ಅಂತ ಧೈರ್ಯವಾಗಿ ಹಾಕಿದ್ದಕ್ಕೇ ಇಷ್ಟು ಉಪಯೋಗದ ಮಾತು ಬಂತು.

ಇಪ್ಪತ್ಮುಖಿ:

ಮೇಲ್ ಕಳ್ಸಿದೆ, ಉತ್ತರ ಬಂತು. ಅರ್ಧ ಡ್ರಾಫ್ಟ್ ಒಪ್ಪಿದಾಗ, ಬಾಕಿ ಪುಸ್ತಕ ಬಂದಾಗ ಅಥವಾ ಒಂಬತ್ತು ತಿಂಗಳಿಗೆ, ಯಾವುದು ಮೊದಲೋ ಅದು. ತಿದ್ದುಪಡಿ ಎರಡು ಸಲ ಅಂತಲೂ ಬರೆದಿದಾರೆ. ವರ್ಕ್ ಫಾರ್ ಹೈರ್ ಬದಲಾಗಲ್ಲ ಅಂದ್ರು, ಪರವಾಗಿಲ್ಲ, ಅದಕ್ಕೆ ಅಂತ ಒಂದು ಉಪ್ಪಿನ ಗುಹೆ ಹೊಸದಾಗಿ ಯೋಚ್ನೆ ಮಾಡಿದೀನಿ. ಅದನ್ನ ಮೊದಲು ಮುಗಿಸ್ತೀನಿ, ಆ ದುಡ್ಡಲ್ಲಿ ಗಣಿಗೆ ಕವರ್ ಚಿತ್ರ ಮತ್ತೆ ಎಡಿಟಿಂಗ್. ಪುಟ ಕಟ್ಟೋಳು ಅಕ್ಕ, ನೀವು ಈ ಕೆಲಸ ತಗೊಳ್ತೀರಾ? ಎ5 ಸೈಜು, ಪಿಡಿಎಫ್ ಜೊತೆ ಕಡಿಮೆ ಸಂಖ್ಯೆಯಲ್ಲಿ ಪ್ರಿಂಟೂ ಮಾಡೋ ಆಸೆ ಇದೆ.

ಪುಟ ಕಟ್ಟೋಳು:

ಖಂಡಿತ ತಗೊಳ್ತೀನಿ, ಮೆಸೇಜ್ ಮಾಡಿ. ಈಗ್ಲೇ ಎರಡು ವಿಷ್ಯ ತಲೇಲಿಟ್ಕೊಂಡು ಬರೀರಿ. ಮಧ್ಯೆ ಪಿನ್ ಹೊಡೆಯೋ ಪುಸ್ತಕ ಅಂದ್ರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗ ಆಗ್ಬೇಕು, ನಿಮ್ಮದು ತಿದ್ದಿದ ಮೇಲೆ 28 ಅಥವಾ 32ಕ್ಕೆ ಕೂರುತ್ತೆ ಅನ್ಸುತ್ತೆ, 29 ಆದ್ರೆ ಯಾವುದನ್ನ ಬಿಡೋದು ಅಂತ ಕೊನೇ ಗಳಿಗೆಯಲ್ಲಿ ಒದ್ದಾಡ್ಬೇಕಾಗುತ್ತೆ. ಎರಡನೇದು ಮ್ಯಾಪ್. ಅದನ್ನ ನಡುವಿನ ಜೋಡಿ ಪುಟಕ್ಕೆ ಹಾಕೋಣ, ಪುಸ್ತಕ ತೆರೆದಿಟ್ರೆ ಪೂರ್ತಿ ಕಾಣುತ್ತೆ, ಜಿಎಂಗೆ ಹಿಂದೆ ಮುಂದೆ ತಿರುವೋ ಕಷ್ಟ ಇರಲ್ಲ. ಹಾಗೆ ಮಾಡೋದಾದ್ರೆ ಮುಖ್ಯವಾದ ಕೋಣೆ ಯಾವುದೂ ಸರಿಯಾಗಿ ಮಡಿಕೆ ಮೇಲೆ ಬರ್ದಂಗೆ ಬರೀರಿ, ನಾನು ಹೇಳಿದ ಥರ ಪಂಪ್ ಹೌಸ್ ಒಂದು ನಿಮ್ಮ ಗಣಿಯಲ್ಲೂ ಇದ್ರೆ ಅದು ಎಡಗಡೆ ಪುಟದಲ್ಲೇ ಇರ್ಲಿ.